ಹೋದ ವರ್ಷದ ಗಾಳಿ ಎಲ್ಲಿ ಸಿಗುತ್ತದೆ?

ಕೊಪ್ಪಳ ಜಿಲ್ಲೆಯಲ್ಲಿ ಯಾರನ್ನಾದರೂ ನಿಲ್ಲಿಸಿ ತುಂಗಭದ್ರಾ ಜಲಾಶಯದ ಮಟ್ಟ ಕೇಳಿ. ಗರಿಷ್ಠ 1633 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು, ಹೋದ ವರ್ಷ ಇದೇ ದಿನ ಇಷ್ಟಿತ್ತು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಪೋಲಾದ ನೀರಿನ ಲೆಕ್ಕ ಮಂಡಾಳು ಒಗ್ಗರಣೆ ಬಡಿಸುವ ಹುಡುಗನ ಬಾಯಲ್ಲೂ ಇತ್ತು. ಮಳೆಯ ಲೆಕ್ಕ ಮಿಲಿಮೀಟರಿನಲ್ಲಿ ಉಂಟು. ಹತ್ತಿಯ ದರ ಕ್ವಿಂಟಲಿನ ಲೆಕ್ಕದಲ್ಲಿ ಉಂಟು. ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕ ಕೆತ್ತಿಸಿದ ಅಕ್ಷರಗಳನ್ನು ಎರಡು ಸಾವಿರದ ಇನ್ನೂರು ವರ್ಷ ದಾಟಿದ ಮೇಲೂ ಬಲ್ಲವರು ಓದುತ್ತಾರೆ.

ಇಷ್ಟೊಂದು ದಾಖಲೆ ಇಟ್ಟ ನೆಲದಲ್ಲಿ, ಹೋದ ವರ್ಷ ದೀಪಾವಳಿಯ ಹಿಂದಿನ ವಾರ ನಾವು ಉಸಿರಾಡಿದ್ದು ಏನನ್ನು ಎಂದು ಕೇಳಿ ನೋಡಿ. ಕೇಳಿದವನ ಮುಖವನ್ನೇ ಜನ ಒಂದು ಸಲ ದಿಟ್ಟಿಸುತ್ತಾರೆ. ಗಾಳಿ ಎಂದರೆ ಬಂದು ಹೋಗುವಂಥದ್ದು. ಹೋದದ್ದರ ಲೆಕ್ಕ ಕೇಳುವವನು ಒಂದೋ ಕೆಲಸವಿಲ್ಲದವನು, ಇಲ್ಲವೇ ಪರಿಹಾರ ಕೇಳಲು ಹೊರಟವನು.

ಲೆಕ್ಕವೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ, ಉಂಟು. ರಾಜ್ಯ ಆರಿಸಿ, ಊರು ಆರಿಸಿ, ಮಾಪನ ಕೇಂದ್ರ ಆರಿಸಿ, ಯಾವ ಮಾಲಿನ್ಯಕಾರಕ ಎಂದು ಗುರುತು ಹಾಕಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ತುಂಬಿದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಒಂದು ಹಾಳೆ ತೆರೆದುಕೊಳ್ಳುತ್ತದೆ. ಎಡಗಡೆ ತಾಸುಗಳು, ಬಲಗಡೆ ಅಂಕಿಗಳು. ಬೆಳಗಿನ ಆರಕ್ಕೆ ಒಂದು ಅಂಕಿ, ಏಳಕ್ಕೂ ಅದೇ, ಮಧ್ಯಾಹ್ನ ಎರಡಕ್ಕೂ ದಶಾಂಶದ ಸಮೇತ ಅದೇ. ಲಾರಿಗಳು ಓಡಿದವು, ಬಿಸಿಲು ಏರಿತು, ಗಾಳಿ ದಿಕ್ಕು ಬದಲಿಸಿತು, ಅಂಕಿ ಮಾತ್ರ ಋಷಿಯಂತೆ ಕುಳಿತೇ ಇತ್ತು. ಆಮೇಲೆ ಅಡ್ಡಗೆರೆಗಳು. ಒಂದು ತಾಸು ಅಡ್ಡಗೆರೆ, ಒಂದು ರಾತ್ರಿ ಅಡ್ಡಗೆರೆ, ಒಮ್ಮೊಮ್ಮೆ ಇಡೀ ವಾರ. ಆ ವಾರ ಯಂತ್ರ ಕೆಟ್ಟಿತ್ತೋ, ಕರೆಂಟ್ ಇರಲಿಲ್ಲವೋ, ಗಾಳಿಯೇ ರಜೆ ಹಾಕಿತ್ತೋ ಎಂಬುದಕ್ಕೆ ಹಾಳೆಯಲ್ಲಿ ಷರಾ ಇಲ್ಲ.

ಅಡ್ಡಗೆರೆಯನ್ನು ಕಡೆಗಣಿಸಬೇಡಿ, ಸ್ವಚ್ಛತೆಯ ಮೂಲ ಅಲ್ಲಿದೆ. 2015ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕದ ನಿಯಮದಂತೆ ದಿನದ ಇಪ್ಪತ್ನಾಲ್ಕು ತಾಸಿನಲ್ಲಿ ಹದಿನಾರು ತಾಸಿನ ಅಳತೆ ಸಿಕ್ಕರೆ ಲೆಕ್ಕ ಹಾಕಲು ಸಾಕು. ಯಂತ್ರಕ್ಕೂ ಎಂಟು ತಾಸು ನಿದ್ದೆ ಬೇಕಲ್ಲವೇ? ಈಗ ಒಂದು ಲೆಕ್ಕ ಮಾಡೋಣ. ರಾತ್ರಿ ನಾಲ್ಕು ತಾಸು ಘನ ಮೀಟರ್ ಗಾಳಿಯಲ್ಲಿ 300 ಮೈಕ್ರೋಗ್ರಾಂ ಪಿಎಂ 10, ಅಂದರೆ ಹತ್ತು ಮೈಕ್ರಾನ್ ಮೀರದ ಕಣಗಳ ದೂಳು ಇತ್ತೆನ್ನಿ. ಉಳಿದ ಇಪ್ಪತ್ತು ತಾಸು 30 ಇತ್ತೆನ್ನಿ. ದಿನದ ಸರಾಸರಿ 75, ಅಂದರೆ ‘ತೃಪ್ತಿಕರ’. ಆ ನಾಲ್ಕು ತಾಸು ಯಂತ್ರ ಕಣ್ಣು ಮುಚ್ಚಿಕೊಂಡಿದ್ದರೆ ಸರಾಸರಿ 30, ಅಂದರೆ ‘ಉತ್ತಮ’. ಒಂದು ರೂಪಾಯಿ ಖರ್ಚಿಲ್ಲದೆ ಇಡೀ ಊರನ್ನು ತೃಪ್ತಿಕರದಿಂದ ಉತ್ತಮಕ್ಕೆ ಏರಿಸುವ ಇಂಥ ಯೋಜನೆ ಬೇರೆ ಯಾವ ಇಲಾಖೆಯ ಬಳಿ ಇದೆ?

ಕೊಪ್ಪಳದ ಬಳಿ ಕಾರ್ಖಾನೆಗಳ ಪಕ್ಕದಲ್ಲಿರುವ ಗಿಣಿಗೇರಾ, ಹಿರೇಬಗನಾಳ ಕಡೆಯವರು ಬಹಳ ವರ್ಷಗಳಿಂದ ಹೇಳುತ್ತಿರುವುದೂ ರಾತ್ರಿಯ ಮಾತನ್ನೇ. ಚಿಮಣಿಯ ದೂಳು ಹಿಡಿಯುವ ಯಂತ್ರಕ್ಕೆ ಕರೆಂಟ್ ಬೇಕು, ಕರೆಂಟಿಗೆ ದುಡ್ಡು ಬೇಕು, ಕತ್ತಲಲ್ಲಿ ಹೊಗೆಯ ಬಣ್ಣ ಯಾರಿಗೂ ಕಾಣುವುದಿಲ್ಲ ಎಂಬುದು ಅವರ ವಾದ. ಬೆಳಗ್ಗೆ ಎದ್ದು ಅಂಗಳ ಗುಡಿಸಿದರೆ ಕಸಬರಿಗೆಯ ತುದಿಗೆ ಕಪ್ಪು ಪುಡಿ ಅಂಟಿಕೊಳ್ಳುತ್ತದೆ, ಅದರಲ್ಲಿ ಬಿಸಿಲಿಗೆ ಮಿನುಗುವ ಚೂರುಗಳೂ ಇರುತ್ತವೆ. ಆದರೆ ನಿರಂತರವಾಗಿ ಅಳೆಯುವ ಸರ್ಕಾರಿ ಯಂತ್ರವಿರುವುದು ಕೊಪ್ಪಳ ಪಟ್ಟಣದೊಳಗಿನ ಬಡಾವಣೆಯಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ದೂಳು ದಣಿದಿರುತ್ತದೆ. ಹಳ್ಳಿಯವರು ಸಹಜವಾಗಿಯೇ ಕೊಪ್ಪಳದ ಸರಾಸರಿಯನ್ನು ಉಸಿರಾಡಬೇಕಾದವರು. ತಮ್ಮದೇ ಗಾಳಿಯನ್ನು ಉಸಿರಾಡಿ ಕೆಮ್ಮಿದರೆ ಅದು ಅವರ ಹಟ.

ಇನ್ನು ತೃಪ್ತಿಯ ವಿಷಯ. ಪಿಎಂ 2.5 ಎಂಬ ಸಣ್ಣ ಕಣ ದಿನದ ಸರಾಸರಿಯಲ್ಲಿ 55 ಮೈಕ್ರೋಗ್ರಾಂ ಇದ್ದರೆ ನಮ್ಮ ಸೂಚ್ಯಂಕ ಸುಮಾರು 92 ತೋರಿಸುತ್ತದೆ. ತೃಪ್ತಿಕರ. ಅದೇ 55ಕ್ಕೆ ಅಮೆರಿಕದ ಸೂಚ್ಯಂಕ 150ರ ಆಸುಪಾಸಿನಲ್ಲಿ ನಿಂತು, ಮಕ್ಕಳು, ಮುದುಕರು, ಉಬ್ಬಸದವರು ಎಚ್ಚರ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ದಿನದ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದು ಎಂದಿತು. ಒಂದೇ ಮನೆಯಲ್ಲಿ ಮಗನ ಮೊಬೈಲ್ ಒಂದು ಅಂಕಿ, ಅಪ್ಪನ ಮೊಬೈಲ್ ಇನ್ನೊಂದು ಅಂಕಿ ತೋರಿಸಿ ಜಗಳವಾಗುವುದು ಇದರಿಂದಲೇ. ಒಂದು ಆ್ಯಪ್ ಅಮೆರಿಕದವರ ಲೆಕ್ಕದಲ್ಲಿ ಹೆದರುತ್ತಿರುತ್ತದೆ, ಇನ್ನೊಂದು ನಮ್ಮ ಲೆಕ್ಕದಲ್ಲಿ ತೃಪ್ತಿಪಡುತ್ತಿರುತ್ತದೆ. ಹಳೆಯ ದಾಖಲೆ ನೋಡುವವರು ಸೂಚ್ಯಂಕವನ್ನು ಬಿಟ್ಟು ಮೈಕ್ರೋಗ್ರಾಂ ಅಂಕಿಯನ್ನೇ ಹಿಡಿಯುವುದು ಕ್ಷೇಮ. ದೂಳಿನ ತೂಕಕ್ಕೆ ದೇಶಾಭಿಮಾನವಿಲ್ಲ.

ಇನ್ನೂ ಹಿಂದಕ್ಕೆ ಹೋಗುವ ಉತ್ಸಾಹಿಗಳಿಗೆ ಬೇರೆಯೇ ಮೋಜು ಕಾದಿದೆ. ಕೈಯಿಂದ ಅಳೆಯುವ ಕೇಂದ್ರಗಳಲ್ಲಿ ವಾರಕ್ಕೆ ಎರಡು ದಿನ ಸೋಸುಕಾಗದ ಇಟ್ಟು, ಮೊದಲೂ ಆಮೇಲೂ ತೂಗುತ್ತಾರೆ. ವರ್ಷಕ್ಕೆ ಗುರಿ 104 ದಿನ. ಮಿಕ್ಕ ದಿನಗಳ ಗಾಳಿ ತೂಕಕ್ಕೆ ಬರುವುದಿಲ್ಲ. ಅದೂ ಹಳೆಯ ಕಡತಗಳಲ್ಲಿ ಅಳೆದದ್ದು ತೇಲುವ ಒಟ್ಟು ದೂಳನ್ನು, ಈಗ ಅಳೆಯುವುದು ಪಿಎಂ 10 ಮತ್ತು 2.5 ಅನ್ನು. ಸೇರನ್ನು ಕಿಲೋಗೆ ಹೇಗೋ ತಿರುಗಿಸಬಹುದು, ಇದನ್ನು ತಿರುಗಿಸಲು ನೆಟ್ಟಗಿನ ಸೂತ್ರವಿಲ್ಲ. ನನಗೆ ಬಹಳ ಹಿಡಿಸಿದ್ದು 1994ರ ಮಾನದಂಡ. ಒಟ್ಟು ದೂಳಿನ ವಾರ್ಷಿಕ ಮಿತಿ ವಸತಿ ಪ್ರದೇಶಕ್ಕೆ 140, ಕೈಗಾರಿಕಾ ಪ್ರದೇಶಕ್ಕೆ 360. ಕಾರ್ಖಾನೆಯ ಪಕ್ಕ ಮನೆ ಕಟ್ಟಿಕೊಂಡವನ ಶ್ವಾಸಕೋಶಕ್ಕೆ ಸರ್ಕಾರ ಎರಡೂವರೆ ಪಟ್ಟು ಗೌರವ ಕೊಟ್ಟಿತ್ತು. 2009ರಲ್ಲಿ ಯಾರಿಗೋ ಹೊಳೆದು ಎರಡೂ ಕಡೆ ವಾಸಿಸುವವರು ಒಂದೇ ಜಾತಿಯ ಪ್ರಾಣಿ ಎಂದು ಒಪ್ಪಿಕೊಂಡರು.

2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಬಂದಿತು. ಕರ್ನಾಟಕದಿಂದ ಪಟ್ಟಿಗೆ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಬಳ್ಳಾರಿ ಇಲ್ಲ, ರಾಯಚೂರು ಇಲ್ಲ, ಕೊಪ್ಪಳ ಇಲ್ಲ. ಅದಿರಿನ ಲಾರಿ, ಉಕ್ಕಿನ ಕುಲುಮೆ, ಶಕ್ತಿನಗರ ಮತ್ತು ಕುಡತಿನಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇವೆಲ್ಲ ಇರುವ ಸೀಮೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕೆ? ಪಟ್ಟಿ ಸೇರಲು ಕೆಲವು ವರ್ಷ ಅಳತೆಯಲ್ಲಿ ಮಿತಿ ಮೀರಿ ತೋರಿಸಬೇಕು. ಅಳತೆ ನೆಟ್ಟಗಿಲ್ಲದ ಊರು ಮಿತಿ ಮೀರುವುದಾದರೂ ಯಾವ ಮುಖವಿಟ್ಟುಕೊಂಡು? ಪಟ್ಟಿಗೆ ಸೇರದಿದ್ದರೆ ಆ ಕಾರ್ಯಕ್ರಮದ ಹಣವಿಲ್ಲ, ಹಣವಿಲ್ಲದಿದ್ದರೆ ಹೊಸ ಯಂತ್ರವಿಲ್ಲ, ಯಂತ್ರವಿಲ್ಲದಿದ್ದರೆ ಅಂಕಿ ಇಲ್ಲ. ಹೀಗೆ ಊರು ವರ್ಷದಿಂದ ವರ್ಷಕ್ಕೆ ನಿರ್ಮಲವಾಗುತ್ತಾ ಹೋಗುತ್ತದೆ.

ಹೋದ ಗಾಳಿಯನ್ನು ಕಟ್ಟಿಕೊಂಡು ಏನು ಮಾಡುತ್ತೀರಿ ಎಂದು ಕೇಳುವವರಿಗೆ ಪರಿಚಯದ ರೈತರೊಬ್ಬರ ಕಥೆ ಹೇಳಬೇಕು. ಅವರ ಹೊಲದ ಹತ್ತಿ ಒಡೆದಾಗ ಬೆಳ್ಳಗಿರಲಿಲ್ಲ, ಬೂದು ಬಣ್ಣಕ್ಕಿತ್ತು. ವ್ಯಾಪಾರಿ ಒಂದು ಎಳೆ ಹಿಂಜಿ, ಬೆರಳು ಒರೆಸಿಕೊಂಡು ದರ ಇಳಿಸಿದ. ರೈತರು ಚೀಲ ಹೊತ್ತು ಒಂದು ಕಚೇರಿಗೆ ಹೋದರು.

‘ಆ ತಿಂಗಳು ನಿಮ್ಮ ಕಡೆ ದೂಳಿತ್ತು ಎನ್ನುವುದಕ್ಕೆ ದಾಖಲೆ ಏನಿದೆ ಯಜಮಾನರೇ?’ ಎಂದು ಅಧಿಕಾರಿ ಕೇಳಿದರು.

‘ದಾಖಲೆ ತಮ್ಮ ಹತ್ತಿರವೇ ಇರಬೇಕಲ್ಲ ಸಾಹೇಬರೇ?’

ಅಧಿಕಾರಿ ಕಂಪ್ಯೂಟರ್ ನೋಡಿದರು. ಆ ತಿಂಗಳಿನುದ್ದಕ್ಕೂ ಅಡ್ಡಗೆರೆ. ‘ನೋಡಿ, ಇಲ್ಲಿ ಏನೂ ಇಲ್ಲ’ ಎಂದರು. ರೈತರು ಮರುಮಾತಾಡದೆ ಚೀಲದ ಬಾಯಿ ಬಿಚ್ಚಿ, ಎರಡು ಹಿಡಿ ಹತ್ತಿ ತೆಗೆದು ಮೇಜಿನ ಮೇಲೆ ಇಡಲು ಹೋದರು.

‘ಅದನ್ನು ಹೊರಗೆ ಕೊಡವಿಕೊಂಡು ಬನ್ನಿ,’ ಎಂದರು ಅಧಿಕಾರಿ, ‘ಫೈಲುಗಳ ಮೇಲೆ ದೂಳು ಬೀಳುತ್ತದೆ.’