ಎಐ ಬರಹಕ್ಕೆ ಸಾಹಿತ್ಯ ಪತ್ರಿಕೆ ಬಾಗಿಲು ಹಾಕಬೇಕೇ?

ಯಾರ ಹಂಗಿಲ್ಲದೆ ನಡೆಯುವ ಸಣ್ಣ ಸಾಹಿತ್ಯ ಪತ್ರಿಕೆಗಳು ಈಗ ಒಂದು ತೀರ್ಮಾನ ತೆಗೆದುಕೊಳ್ಳಲೇಬೇಕಾಗಿದೆ. ಎಐ ಬಳಸಿ ಬರೆದ ಕಥೆ, ಕವಿತೆಗಳನ್ನು ಪೂರ್ತಿ ನಿಷೇಧಿಸಬೇಕೇ, ಬೇಡವೇ? ಈ ಕೆಲಸವನ್ನು ಹತ್ತಿರದಿಂದ ಬಲ್ಲ ಇಬ್ಬರು ಇಲ್ಲಿ ಬರೆದಿದ್ದಾರೆ.

ಪರ: ನಿಷೇಧ ಬೇಕೇ ಬೇಕು

ಸಣ್ಣ ಪತ್ರಿಕೆಯವರ ಹತ್ತಿರ ದುಡ್ಡು ಇರುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ದುಡ್ಡಿಗಿಂತಲೂ ಕಡಿಮೆ ಇರುವುದು ಸಮಯ. ಸಂಪಾದಕರಿಗೆ ಹೊಟ್ಟೆಪಾಡಿಗೆ ಬೇರೆ ನೌಕರಿ ಇರುತ್ತದೆ. ಜೊತೆಗೆ ದುಡಿಯುವವರು ಸಂಬಳವಿಲ್ಲದ ಗೆಳೆಯರು. ಪುಟ ಜೋಡಿಸಬೇಕು, ಪ್ರೂಫ್ ನೋಡಬೇಕು, ಚಂದಾ ಮುಗಿದವರಿಗೆ ನೆನಪು ಮಾಡಬೇಕು, ಮುಖಪುಟಕ್ಕೆ ಚಿತ್ರ ಬರೆಸಬೇಕು. ಇದೆಲ್ಲ ಮುಗಿದ ಮೇಲೆ ರಾತ್ರಿ ಕೂತು, ಬಂದ ಕಥೆಗಳನ್ನು ಓದಬೇಕು. ಹೆಸರು ಕೇಳದ ಒಬ್ಬರ ಕಥೆಗೆ ಸಿಗುವುದು ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ. ಪತ್ರಿಕೆಯ ನಿಜವಾದ ಬಂಡವಾಳ ಆ ಹದಿನೈದು ನಿಮಿಷವೇ. ಅದನ್ನು ಯಾರಿಗೆ ಕೊಡಬೇಕು ಅನ್ನುವುದರ ಮೇಲೆ ನನ್ನ ವಾದವೆಲ್ಲ ನಿಂತಿದೆ.

ಕೇಳಿದ್ದನ್ನು ಬರೆದುಕೊಡುವ ಎಐ ಸಾಧನ ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಮೂರು ತಿಂಗಳು ತುಂಬುವ ಮೊದಲೇ, 2023ರ ಫೆಬ್ರುವರಿ 20ರಂದು, ಅಮೆರಿಕದ ವಿಜ್ಞಾನ ಕಥೆಗಳ ಪತ್ರಿಕೆ 'ಕ್ಲಾರ್ಕ್ಸ್‌ವರ್ಲ್ಡ್' ಹೊಸ ಕಥೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ನೀಲ್ ಕ್ಲಾರ್ಕ್ 2006ರಿಂದ ನಡೆಸಿಕೊಂಡು ಬಂದ ಪತ್ರಿಕೆ ಅದು. ಯಾವ ದೇಶದವರಾದರೂ, ಮೊದಲ ಕಥೆ ಬರೆದವರಾದರೂ ಕಳಿಸಬಹುದು ಅನ್ನುವುದು ಅವರ ಹೆಮ್ಮೆ. ಆ ತಿಂಗಳು ಅಷ್ಟು ಹೊತ್ತಿಗೆ ಮನುಷ್ಯರು ಬರೆದ ಕಥೆಗಳು ಸುಮಾರು 700 ಬಂದಿದ್ದವು. ಯಂತ್ರದಿಂದ ಬರೆಸಿ ಕಳಿಸಿದವು ಸುಮಾರು 500! ಇನ್ನೊಂದು ವಿಜ್ಞಾನ ಕಥಾ ಪತ್ರಿಕೆ 'ಅಸಿಮೋವ್ಸ್'ನ ಸಂಪಾದಕಿ ಶೀಲಾ ವಿಲಿಯಮ್ಸ್ ಅವರಿಗೆ 'ದಿ ಲಾಸ್ಟ್ ಹೋಪ್' ಅನ್ನುವ ಒಂದೇ ಶೀರ್ಷಿಕೆಯ 20ಕ್ಕೂ ಹೆಚ್ಚು ಕಥೆಗಳು ಬಂದವು. ಕಳಿಸಿದವರ ಹೆಸರು ಬೇರೆ ಬೇರೆ, ಇಮೇಲ್ ಬೇರೆ ಬೇರೆ.

ಇವರಲ್ಲಿ ಹೆಚ್ಚಿನವರು ಬರೆಯುವ ಆಸೆಯಿಂದ ಬಂದವರಲ್ಲ. ಸುಲಭವಾಗಿ ಹಣ ಮಾಡುವ ದಾರಿ ಅಂತ ಯಾರೋ ಹೇಳಿಕೊಟ್ಟದ್ದನ್ನು ನಂಬಿ ಬಂದವರು ಅಂತ ಕ್ಲಾರ್ಕ್ ಅವರೇ ಹೇಳಿದರು. ಆ ಪತ್ರಿಕೆಯ ಒಂದು ಸಂಚಿಕೆಯನ್ನೂ ಇವರು ತೆರೆದು ನೋಡಿರಲಾರರು.

ಇದರಲ್ಲಿ ಸೋತವರು ಯಾರು? ಹೆಸರು ಮಾಡಿದ ಲೇಖಕರಿಗೆ ಏನೂ ಆಗುವುದಿಲ್ಲ. ಅವರ ಕಥೆಯನ್ನು ಸಂಪಾದಕರು ಕೇಳಿ ತರಿಸಿಕೊಳ್ಳುತ್ತಾರೆ. ಕಥೆಗಳ ರಾಶಿ ಕೈಮೀರಿ ಬೆಳೆದಾಗ ಯಾವ ಸಂಪಾದಕರಾದರೂ ಮೊದಲು ಮಾಡುವ ಕೆಲಸ ಗೊತ್ತಲ್ಲ, ಪರಿಚಯದವರ ಕಥೆ ಮಾತ್ರ ಸಾಕು ಅಂದುಬಿಡುವುದು. ಆಗ ಹೊರಗುಳಿಯುವವರು ಹೊಸಬರು. ಯಾರ ಶಿಫಾರಸೂ ಇಲ್ಲದೆ, ಅಳುಕುತ್ತಲೇ ಮೊದಲ ಕಥೆ ಕಳಿಸಿ ಕಾಯುವವರು. ಅವರಿಗೆ ಬಾಗಿಲು ತೆರೆದಿಡಬೇಕು ಅಂದರೆ ಯಂತ್ರದ ಬರಹಕ್ಕೆ ಬಾಗಿಲು ಹಾಕಲೇಬೇಕು. 'ಕ್ಲಾರ್ಕ್ಸ್‌ವರ್ಲ್ಡ್' ಮುಂದಿನ ತಿಂಗಳು ಮತ್ತೆ ಕಥೆ ತೆಗೆದುಕೊಳ್ಳಲು ಶುರು ಮಾಡಿದ್ದೂ ಎಐ ಬರಹ ಬೇಡ ಎಂಬ ನಿಯಮ ಇಟ್ಟುಕೊಂಡೇ.

"ಯಂತ್ರದ ಕಥೆ ಚೆನ್ನಾಗಿದ್ದರೆ ತೊಂದರೆ ಏನು?" ಅಂತ ಕೇಳುವವರಿದ್ದಾರೆ. ಕಥೆಯನ್ನು ಒಪ್ಪಿದ ಮೇಲೆ ಏನು ನಡೆಯುತ್ತದೆ ಅಂತ ಅವರು ನೋಡಿಲ್ಲ ಅನಿಸುತ್ತದೆ. ಒಬ್ಬ ಹುಡುಗನ ಕಥೆ ಬಂತು ಅಂದುಕೊಳ್ಳಿ. ಅದರಲ್ಲಿ ಮಗ ಎಷ್ಟೋ ವರ್ಷಗಳ ನಂತರ ಮನೆಗೆ ಬರುತ್ತಾನೆ, ಅಜ್ಜಿ ಒಳಗೆ ಕರೆಯುವುದಿಲ್ಲ. ಸಂಪಾದಕಿ ಅಂಚಿನಲ್ಲಿ ಬರೆಯುತ್ತಾಳೆ: "ಅಜ್ಜಿ ಬಾಗಿಲಲ್ಲೇ ಯಾಕೆ ನಿಂತಳು?" ಒಂದು ವಾರ ಬಿಟ್ಟು ಹುಡುಗನ ಉತ್ತರ ಬರುತ್ತದೆ: "ಮೇಡಂ, ಅವಳಿಗೆ ಅವನನ್ನು ಕಂಡರೆ ಭಯ. ನೀವು ಕೇಳುವ ತನಕ ನನಗೂ ಅದು ಹೊಳೆದಿರಲಿಲ್ಲ." ಅವನು ಕೊನೆಯ ಎರಡು ಪುಟ ಹರಿದು ಹಾಕಿ ಹೊಸದಾಗಿ ಬರೆಯುತ್ತಾನೆ. ಮುಂದಿನ ಕಥೆಯನ್ನು ಇನ್ನೂ ಚೆನ್ನಾಗಿ ಬರೆಯುತ್ತಾನೆ. ಸಣ್ಣ ಪತ್ರಿಕೆಗಳು ಲೇಖಕರನ್ನು ಬೆಳೆಸಿದ್ದೇ ಹೀಗೆ. ಇದೇ ಪ್ರಶ್ನೆಯನ್ನು ಯಂತ್ರಕ್ಕೆ ಕೇಳಿದರೆ ಕ್ಷಣದಲ್ಲಿ ಹತ್ತು ಕಾರಣ ಕೊಡುತ್ತದೆ. ಹತ್ತೂ ಸರಿಯಾಗಿಯೇ ಕಾಣುತ್ತವೆ. ಆದರೆ ಆ ಪ್ರಶ್ನೆಯಿಂದ ಯಾರೂ ಬೆಳೆಯುವುದಿಲ್ಲ. ಸಂಪಾದಕಿ ಕೊಟ್ಟ ಸಮಯ ಸುಮ್ನೆ ಹೋಯಿತು.

ಹಕ್ಕಿನ ವಿಚಾರವೂ ಇದೆ. ಅಮೆರಿಕದ ಕಾಪಿರೈಟ್ ಕಚೇರಿ 2023ರ ಮಾರ್ಚ್‌ನಲ್ಲಿ, ಮನುಷ್ಯರು ಬರೆಯದೆ ಯಂತ್ರವೇ ಬರೆದ ಭಾಗಕ್ಕೆ ಕಾಪಿರೈಟ್ ನೋಂದಣಿ ಇಲ್ಲ ಅಂತ ಸ್ಪಷ್ಟಪಡಿಸಿತು. ಪತ್ರಿಕೆಗಳು ಲೇಖಕರಿಂದ ಮೊದಲ ಪ್ರಕಟಣೆಯ ಹಕ್ಕು ಪಡೆಯುತ್ತವೆ, ಕೈಲಾದಷ್ಟು ಗೌರವಧನ ಕೊಡುತ್ತವೆ. ಹಕ್ಕೇ ಇಲ್ಲದವರಿಂದ ಯಾವ ಹಕ್ಕು ಪಡೆಯುವುದು?

ಈ ಯಂತ್ರಗಳು ಬರೆಯಲು ಕಲಿತದ್ದು ಯಾರಿಂದ ಅನ್ನುವುದನ್ನೂ ಮರೆಯಬಾರದು. ಲೇಖಕರ ಪುಸ್ತಕಗಳನ್ನು ಅವರನ್ನು ಕೇಳದೆ ಬಳಸಿದ್ದಾರೆ ಅಂತ ಮೊಕದ್ದಮೆಗಳು ನಡೆದಿವೆ. ಪೈರಸಿ ತಾಣಗಳಿಂದ ಪುಸ್ತಕ ಇಳಿಸಿಕೊಂಡದ್ದಕ್ಕೆ ಎಐ ತಯಾರಿಸುವ ಆಂಥ್ರೊಪಿಕ್ ಕಂಪನಿ 2025ರಲ್ಲಿ ಲೇಖಕರ ಜೊತೆ 150 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಲೇಖಕರನ್ನು ನಂಬಿ ನಡೆಯುವ ಪತ್ರಿಕೆ ಇಂಥ ಹೊತ್ತಲ್ಲಿ ಯಾರ ಪಕ್ಕ ನಿಲ್ಲುತ್ತದೆ ಅಂತ ಬಾಯಿಬಿಟ್ಟು ಹೇಳಬೇಕು.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಪತ್ತೆ ಹಚ್ಚುವುದು ಹೇಗೆ? ಪೂರ್ತಿ ಪತ್ತೆ ಹಚ್ಚಲು ಆಗುವುದಿಲ್ಲ, ನಿಜ. ಕೃತಿಚೌರ್ಯವನ್ನೂ ಪೂರ್ತಿ ಪತ್ತೆ ಹಚ್ಚಲು ಆಗಿಲ್ಲ. ಹಾಗಂತ ಯಾವ ಪತ್ರಿಕೆಯೂ ಕದ್ದ ಕವಿತೆ ಕಳಿಸಿದರೂ ಅಡ್ಡಿಯಿಲ್ಲ ಅಂತ ಬರೆದುಕೊಂಡಿಲ್ಲ ಅಲ್ವಾ? ಇಲ್ಲಿ ಏನು ಸಲ್ಲುತ್ತದೆ, ಏನು ಸಲ್ಲುವುದಿಲ್ಲ ಅಂತ ನಿಯಮದಲ್ಲಿ ಸ್ಪಷ್ಟವಾಗಿದ್ದರೆ ಹೆಚ್ಚಿನ ಲೇಖಕರು ಅದನ್ನು ಗೌರವಿಸುತ್ತಾರೆ.

ವಿರೋಧ: ನಿಷೇಧದ ಪೆಟ್ಟು ಬೀಳುವುದು ಹೊಸಬರಿಗೇ

ಒಂದೇ ಶೀರ್ಷಿಕೆಯ ಇಪ್ಪತ್ತು ಕಥೆ ಬಂದರೆ ನಾನೂ ವಾಪಸ್ ಕಳಿಸುತ್ತೇನೆ. ಅದಕ್ಕೆ ನಿಷೇಧ ಯಾಕೆ ಬೇಕು? ಕಥೆ ಕೆಟ್ಟದಾಗಿದೆ ಅನ್ನುವ ಹಳೆಯ ಕಾರಣವೇ ಸಾಕು. 2023ರಲ್ಲಿ ಬಂದ ಆ ಕಥೆಗಳು ಎಷ್ಟು ಕೆಟ್ಟದಾಗಿದ್ದವು ಅಂತ ನೀಲ್ ಕ್ಲಾರ್ಕ್ ಅವರೇ ಹೇಳಿದ್ದರು. ರಾಶಿ ಜಾಸ್ತಿಯಾದರೆ ಅದನ್ನು ತಡೆಯುವ ದಾರಿಗಳಿವೆ. ವರ್ಷದಲ್ಲಿ ಕೆಲವೇ ವಾರ ಕಥೆ ತೆಗೆದುಕೊಳ್ಳಿ. ಒಬ್ಬರಿಗೆ ಒಂದೇ ಕಥೆ ಅನ್ನಿ. ಇಂಥ ನಿಯಮ ಎಲ್ಲರಿಗೂ ಒಂದೇ, ಯಾರ ಮೇಲೂ ಅನುಮಾನವಿಲ್ಲ.

ನಿಷೇಧ ಅಂದ ಕೂಡಲೇ ಅನುಮಾನ ಶುರುವಾಗುತ್ತದೆ. ಅದು ಯಾರ ಮೇಲೆ ಬೀಳುತ್ತದೆ ಅಂತ ನೋಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಎಐ ಬರಹ ಪತ್ತೆ ಮಾಡುವ ಸಾಧನವೊಂದನ್ನು ಕೊಟ್ಟಿತು. ಕಂಪನಿ ತಾನೇ ಮಾಡಿದ ಪರೀಕ್ಷೆಯಲ್ಲಿ ಅದು ಎಐ ಬರಹದಲ್ಲಿ ಗುರುತಿಸಿದ್ದು ಶೇ 26ರಷ್ಟನ್ನು ಮಾತ್ರ. ಮನುಷ್ಯರು ಬರೆದ ಶೇ 9ರಷ್ಟು ಬರಹವನ್ನು ಎಐ ಬರಹ ಅಂದುಬಿಟ್ಟಿತು. ಜುಲೈ ಹೊತ್ತಿಗೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವು ಯಂತ್ರ ಬರೆದದ್ದು ಅಂತ ಬಂತು. ಕಾರಣ ಸರಳ. ಮುಂದಿನ ಪದ ಯಾವುದು ಅಂತ ಸುಲಭವಾಗಿ ಊಹಿಸಲು ಬಂದರೆ ಅದು ಯಂತ್ರದ್ದು ಅಂತ ಈ ಸಾಧನಗಳು ತಿಳಿಯುತ್ತವೆ. ಭಾಷೆಯನ್ನು ಪುಸ್ತಕದಿಂದ ಕಲಿತವರು ಗೊತ್ತಿರುವ ಪದಗಳನ್ನೇ ಹಿಡಿದು, ತಪ್ಪಾಗದಂತೆ, ಎಚ್ಚರಿಕೆಯಿಂದ ಬರೆಯುತ್ತಾರೆ.

ಈಗ ಅಂಥ ಒಬ್ಬ ಹುಡುಗಿಯನ್ನು ನೆನೆಸಿಕೊಳ್ಳಿ. ಮೊದಲ ಕಥೆ. ಫೋನಿನಲ್ಲೇ ಬರೆದು, ಅಲ್ಲೇ ತಿದ್ದಿ ಕಳಿಸಿದ್ದಾಳೆ, ಹಳೆಯ ಕರಡು ಯಾವುದೂ ಉಳಿದಿಲ್ಲ. ತಿಂಗಳುಗಟ್ಟಲೆ ಕಾದ ಮೇಲೆ ಒಂದು ಸಾಲಿನ ಉತ್ತರ ಬರುತ್ತದೆ: "ನಿಮ್ಮ ಕಥೆ ಎಐ ಬರೆದದ್ದೆಂದು ತೋರುವುದರಿಂದ ಪರಿಗಣಿಸಲಾಗುವುದಿಲ್ಲ." ಅವಳು ಏನಂತ ಸಾಬೀತು ಮಾಡಬೇಕು? ಕಥೆ ಚೆನ್ನಾಗಿಲ್ಲ ಅಂದಿದ್ದರೆ ಬೇಜಾರಾಗಿ, ಇನ್ನೊಂದು ಬರೆಯುತ್ತಿದ್ದಳು. ನೀನು ಬರೆದೇ ಇಲ್ಲ ಅಂದರೆ? ಹೆಸರು ಮಾಡಿದ ಲೇಖಕರಿಗೆ ಇಂಥ ಪತ್ರ ಯಾರೂ ಕಳಿಸುವುದಿಲ್ಲ. ಹೊಸಬರನ್ನು ಕಾಪಾಡಲು ನಿಷೇಧ ಅಂತ ಪರವಾಗಿ ಬರೆದವರು ಹೇಳಿದ್ದಾರೆ. ಅವರ ಕಾಳಜಿ ನನ್ನದೂ ಹೌದು. ಆದರೆ ಅದಕ್ಕೆ ಅವರು ಹಿಡಿದ ದಾರಿಯನ್ನು ನಾನು ಒಪ್ಪಲಾರೆ.

ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದು ಇನ್ನೊಂದು. ಕಾಗುಣಿತ ತಿದ್ದುವ ತಂತ್ರಾಂಶದಲ್ಲಿ ಈಗ ಎಐ ಇದೆ. ಕಣ್ಣು ಕಾಣದವರು ಬಾಯಲ್ಲಿ ಹೇಳಿ ಬರೆಸುವ ಸಾಧನದಲ್ಲೂ ಇದೆ. ಅನುವಾದಕರು ಮೊದಲ ಕರಡಿಗೆ ಯಂತ್ರವನ್ನು ಬಳಸುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಕೂತು ಪ್ರತಿ ಸಾಲನ್ನೂ ತಮ್ಮದು ಮಾಡಿಕೊಳ್ಳುತ್ತಾರೆ. ಪೂರ್ತಿ ನಿಷೇಧ ಅಂದರೆ ಇವರೆಲ್ಲರೂ ಹೊರಗೆ. ಇನ್ನೂ ಕೆಟ್ಟದ್ದೆಂದರೆ, ಹೊರಗೆ ಹೋಗುವವರು ಬಳಸಿದ್ದೇವೆ ಅಂತ ನಿಜ ಹೇಳಿದವರು ಮಾತ್ರ. ಸುಳ್ಳು ಹೇಳಿದವರ ಕಥೆ ಅಚ್ಚಾಗುತ್ತದೆ.

ಜಪಾನಿನ ರಿಯೆ ಕುಡಾನ್ ಅವರಿಗೆ 2024ರ ಜನವರಿಯಲ್ಲಿ ಅಲ್ಲಿನ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಅಕುಟಗಾವಾ ಪ್ರಶಸ್ತಿ ಬಂತು. ಕಾದಂಬರಿಯ ಸುಮಾರು ಶೇ 5ರಷ್ಟು ಚಾಟ್‌ಜಿಪಿಟಿ ಬರೆದ ಸಾಲುಗಳು, ಇದ್ದ ಹಾಗೆಯೇ ಬಳಸಿದ್ದೇನೆ ಅಂತ ಅವರೇ ಹೇಳಿದರು. ಆ ಕಾದಂಬರಿಯೊಳಗೆ ಎಐ ಕೂಡ ಮಾತಾಡುತ್ತದೆ. ಅದರ ಬಾಯಲ್ಲಿ ಅದರದೇ ಮಾತು ಇಡಲು ಲೇಖಕಿಗೆ ಕಾರಣವಿತ್ತು. ಪೂರ್ತಿ ನಿಷೇಧ ಇರುವ ಪತ್ರಿಕೆ ಈ ಕೃತಿಯನ್ನು ಓದದೆಯೇ ವಾಪಸ್ ಕಳಿಸಬೇಕಾಗುತ್ತಿತ್ತು.

ಸಣ್ಣ ಪತ್ರಿಕೆಗಳು ಮೋಸ ಹೋದದ್ದು ಇದೇ ಮೊದಲಲ್ಲ. 1944ರಲ್ಲಿ ಆಸ್ಟ್ರೇಲಿಯಾದ 'ಆಂಗ್ರಿ ಪೆಂಗ್ವಿನ್ಸ್' ಪತ್ರಿಕೆ ಎರ್ನ್ ಮ್ಯಾಲಿ ಅನ್ನುವ ತೀರಿಹೋದ ಕವಿಯ ಕವಿತೆಗಳನ್ನು ಸಡಗರದಿಂದ ಪ್ರಕಟಿಸಿತು. ಅಂಥ ಕವಿ ಇರಲೇ ಇಲ್ಲ. ಜೇಮ್ಸ್ ಮೆಕಾಲೆ, ಹೆರಾಲ್ಡ್ ಸ್ಟೀವರ್ಟ್ ಎಂಬ ಇಬ್ಬರು ಕವಿಗಳು ಆಧುನಿಕ ಕಾವ್ಯವನ್ನು ಹಂಗಿಸಲು ನಿಘಂಟಿನಿಂದ, ಸೊಳ್ಳೆ ಹುಟ್ಟುವ ನೀರನ್ನು ಬಸಿಯುವ ಬಗ್ಗೆ ಬಂದ ವರದಿಯಿಂದ ಸಾಲುಗಳನ್ನು ಹೆಕ್ಕಿ ಕವಿತೆ ಜೋಡಿಸಿದ್ದರು. ಸಂಪಾದಕ ಮ್ಯಾಕ್ಸ್ ಹ್ಯಾರಿಸ್ ಎಲ್ಲರ ಮುಂದೆ ತಲೆತಗ್ಗಿಸಬೇಕಾಯಿತು. ಅದೂ ಸಾಲದೆ ಆ ಕವಿತೆಗಳು ಅಶ್ಲೀಲ ಅಂತ ಕೋರ್ಟು ದಂಡವನ್ನೂ ಹಾಕಿತು. ಅವರು ಪಟ್ಟ ನೋವು ಸಣ್ಣದಲ್ಲ. ಆದರೆ ಆ ಕವಿತೆಗಳನ್ನು ಜನ ಇವತ್ತಿಗೂ ಓದುತ್ತಾರೆ. ಜಾನ್ ಆಶ್‌ಬೆರಿಯಂಥ ದೊಡ್ಡ ಕವಿ ಅವುಗಳನ್ನು ಮೆಚ್ಚಿಕೊಂಡರು. ಅರ್ಥವಿಲ್ಲದ್ದು ಅಂತಲೇ ಜೋಡಿಸಿದ ಸಾಲುಗಳಲ್ಲೂ ಓದುಗರಿಗೆ ಏನೋ ಸಿಕ್ಕಿತು. ಹಾಗಾಗಿ ಒಂದು ಬರಹ ಹೇಗೆ ಹುಟ್ಟಿತು ಅನ್ನುವುದೊಂದರಿಂದಲೇ ಅದರ ಬೆಲೆ ಕಟ್ಟಲು ನಾನು ಹಿಂಜರಿಯುತ್ತೇನೆ. ಹ್ಯಾರಿಯಟ್ ಮನ್ರೋ 1912ರಲ್ಲಿ 'ಪೊಯೆಟ್ರಿ' ಪತ್ರಿಕೆ ಶುರು ಮಾಡಿದಾಗ, ಯಾರು ಬರೆದರು, ಎಲ್ಲಿಂದ ಬರೆದರು ಅಂತ ನೋಡದೆ ಒಳ್ಳೆಯ ಕವಿತೆಯನ್ನು ಪ್ರಕಟಿಸುತ್ತೇವೆ ಅಂದಿದ್ದರು. ಆ ಮಾತಿನ ಮೇಲೆ ನನಗೆ ಇನ್ನೂ ನಂಬಿಕೆ ಇದೆ.

ಹಾಗಾದರೆ ಏನು ಮಾಡಬೇಕು? ಪರವಾಗಿ ಬರೆದವರೇ ಅಜ್ಜಿಯ ಉದಾಹರಣೆ ಕೊಟ್ಟು ದಾರಿ ತೋರಿಸಿದ್ದಾರೆ. ಅಂಥ ಪ್ರಶ್ನೆ ಕೇಳಿ ಬರೆಯಿರಿ. ಕಥೆಯ ಜೊತೆ ಬದುಕಿದವರು ಉತ್ತರದಲ್ಲಿ ಸಿಕ್ಕೇ ಸಿಗುತ್ತಾರೆ, ತಡವಾಗಿಯಾದರೂ, ತಡವರಿಸುತ್ತಲಾದರೂ. ಎಲ್ಲ ಕಥೆಗೂ ಹೀಗೆ ಬರೆಯಲು ಆಗುವುದಿಲ್ಲ, ಒಪ್ಪಿಕೊಳ್ಳಲು ಹೊರಟ ಕೆಲವಕ್ಕೆ ಮಾತ್ರ ಸಾಕು. ನಿಯಮಗಳ ಪುಟದಲ್ಲಿ ಮೂರೇ ಸಾಲು ಇರಲಿ: ಎಐ ಬಳಸಿದ್ದರೆ ಎಲ್ಲಿ, ಎಷ್ಟು ಅಂತ ತಿಳಿಸಿ. ತಿಳಿಸಿದ ಕಾರಣಕ್ಕೇ ಬರಹವನ್ನು ತಿರಸ್ಕರಿಸುವುದಿಲ್ಲ. ಮುಚ್ಚಿಟ್ಟದ್ದು ಗೊತ್ತಾದರೆ ಮತ್ತೆ ನಿಮ್ಮ ಬರಹ ಪ್ರಕಟಿಸುವುದಿಲ್ಲ.

ಸಂಪಾದಕರೂ ಲೇಖಕರಿಗೆ ಒಂದು ಮಾತು ಕೊಡಬೇಕು. ಇನ್ನೂ ಅಚ್ಚಾಗದ ಕಥೆಯನ್ನು ಪತ್ತೆ ಸಾಧನಕ್ಕೋ ಚಾಟ್‌ಬಾಟ್‌ಗೋ ಹಾಕುವುದು ಅಂದರೆ, ಬರೆದವರನ್ನು ಕೇಳದೆ ಅದನ್ನು ಯಾವುದೋ ಕಂಪನಿಯ ಕೈಗೆ ಕೊಟ್ಟ ಹಾಗೆ. ಹಾಗೆ ಮಾಡುವುದಿಲ್ಲ, ನಿಮ್ಮ ಕಥೆಯನ್ನು ನಾವೇ ಓದುತ್ತೇವೆ ಅಂತ ಅದೇ ಪುಟದಲ್ಲಿ, ಆ ಮೂರು ಸಾಲಿಗಿಂತ ಮೇಲೆ ಬರೆಯಬೇಕು.