ಮಹಾಮಾರಿಯ ಲೆಕ್ಕಕ್ಕೆ ಬರೆದ ಪುಣ್ಯ

ಹದಿನಾಲ್ಕನೆಯ ಶತಮಾನದ ಪ್ಲೇಗಿನ ಬಗ್ಗೆ ಎಲ್ಲಿ ಮಾತು ಬಂದರೂ ಒಂದು ಅಭಿಪ್ರಾಯ ತಪ್ಪದೆ ಕೇಳಿಬರುತ್ತದೆ: ಅಷ್ಟೊಂದು ಜನ ಸತ್ತದ್ದರಿಂದಲೇ ಯೂರೋಪಿನಲ್ಲಿ ಕೂಲಿಗೆ ಬೆಲೆ ಬಂತು, ಜೀತ ಅಳಿಯಿತು, ಹೊಸ ಕಾಲ ಹುಟ್ಟಿತು. ಕೊರೋನಾ ಕಾಲದಲ್ಲಿ ಓದಿಕೊಂಡವರೇ ಇದನ್ನು ಸಮಾಧಾನದ ಮಾತಾಗಿ ಹೇಳುವುದನ್ನು ಮತ್ತೆ ಮತ್ತೆ ಕೇಳಿದ್ದೇನೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಮರೆತರೆ, ಬದುಕುಳಿದ ಬಡವರು ದಶಕಗಳ ಕಾಲ ಕಾನೂನಿನೊಡನೆ ಸೆಣಸಿ ಗಳಿಸಿದ್ದನ್ನೆಲ್ಲ ಒಂದು ರೋಗಾಣುವಿನ ಖಾತೆಗೆ ಜಮಾ ಮಾಡಿದಂತಾಗುತ್ತದೆ. ಅದನ್ನು ನಾನು ಒಪ್ಪಲಾರೆ.

ರೋಗ ಹರಡಿದ ದಾರಿಯನ್ನು ಮೊದಲು ನೋಡೋಣ. ಈಗಿನ ಕಿರ್ಗಿಸ್ತಾನದ ಇಸ್ಸಿಕ್ ಕುಲ್ ಸರೋವರದ ಬಳಿ ಕ್ರೈಸ್ತ ವ್ಯಾಪಾರಿ ಸಮುದಾಯವೊಂದರ ಹಳೆಯ ಸ್ಮಶಾನಗಳಿವೆ. ಅಲ್ಲಿನ ಸಮಾಧಿಕಲ್ಲುಗಳಲ್ಲಿ 1338 ಮತ್ತು 1339ನೇ ಇಸವಿಯವೇ ಅಸಹಜವೆನಿಸುವಷ್ಟು ಹೆಚ್ಚಾಗಿವೆ. ಕೆಲವುಗಳ ಮೇಲೆ ಸತ್ತವರು ಪಿಡುಗಿನಿಂದ ಸತ್ತರೆಂದು ಸಿರಿಯಾಕ್ ಭಾಷೆಯಲ್ಲಿ ಕೆತ್ತಲಾಗಿದೆ. ಆ ಸಮಾಧಿಗಳಲ್ಲಿ ದೊರೆತ ಹಲ್ಲುಗಳಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾ ಯೆರ್ಸಿನಿಯಾ ಪೆಸ್ಟಿಸ್‌ನ ಡಿಎನ್‌ಎ ಸಿಕ್ಕಿದ್ದನ್ನು 2022ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆ ಸಾವುಗಳಾದ ಏಳೆಂಟು ವರ್ಷಗಳಲ್ಲಿ ರೋಗ ಕಪ್ಪು ಸಮುದ್ರದ ದಡಕ್ಕೆ ಬಂದಿತ್ತು. 1346ರಲ್ಲಿ ಕ್ರಿಮಿಯಾದಲ್ಲಿದ್ದ ಜಿನೋವಾ ವರ್ತಕರ ಕಾಫಾ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ ಮಂಗೋಲ್ ದೊರೆ ಜಾನಿ ಬೇಗನ ಸೈನ್ಯ ಪ್ಲೇಗಿನ ಹೆಣಗಳನ್ನು ಕವಣೆಯಂತ್ರದಿಂದ ಕೋಟೆಯೊಳಕ್ಕೆ ಎಸೆಯಿತೆಂಬ ಕಥೆಯನ್ನು ಎಲ್ಲರೂ ಕೇಳಿರುತ್ತಾರೆ. ಅದನ್ನು ಬರೆದ ಗಾಬ್ರಿಯೆಲೆ ದೆ ಮುಸ್ಸಿ ಇಟಲಿಯ ಪಿಯಾಚೆಂಜಾದ ಪತ್ರಬರಹಗಾರ. ಅವನು ಕಾಫಾದಲ್ಲಿದ್ದು ಕಣ್ಣಾರೆ ಕಂಡದ್ದಕ್ಕೆ ಆಧಾರವಿಲ್ಲ. ಹೆಣ ಎಸೆದಿರಲಿ ಬಿಡಲಿ, ಕೋಟೆಯ ಗೋಡೆ ಇಲಿಗಳನ್ನು ತಡೆಯುವಂಥದ್ದಾಗಿರಲಿಲ್ಲ.

ಮುಂದಿನ ಪಯಣ ಹಡಗುಗಳಲ್ಲಿ. 1347ರಲ್ಲಿ ಕಾನ್‌ಸ್ಟಾಂಟಿನೋಪಲ್, ಅಲೆಕ್ಸಾಂಡ್ರಿಯಾ, ಅಕ್ಟೋಬರಿನಲ್ಲಿ ಸಿಸಿಲಿಯ ಮೆಸ್ಸಿನಾ, 1348ರ ಆರಂಭಕ್ಕೆ ವೆನಿಸ್, ಪೀಸಾ, ಅದೇ ಬೇಸಿಗೆಯಲ್ಲಿ ಪ್ಯಾರಿಸ್ ಮತ್ತು ಇಂಗ್ಲೆಂಡಿನ ದಕ್ಷಿಣ ದಡದ ಮೆಲ್ಕಂಬ್ ಬಂದರು, 1349ರಲ್ಲಿ ನಾರ್ವೆ, 1353ರ ಹೊತ್ತಿಗೆ ಮಾಸ್ಕೋ. ಕಾಳು, ಉಣ್ಣೆ, ತೊಗಲು ಸಾಗುತ್ತಿದ್ದ ದಾರಿಯೇ ರೋಗದ ದಾರಿಯೂ ಆಯಿತು. ಕಾಳಿನ ಮೂಟೆಗಳ ನಡುವೆ ಇಲಿಗಳು, ಇಲಿಯ ಮೈಮೇಲೆ ಚಿಗಟಗಳು; ಇಲಿ ಸತ್ತು ಮೈ ತಣ್ಣಗಾದಾಗ ಹಸಿದ ಚಿಗಟ ಮನುಷ್ಯನನ್ನು ಕಚ್ಚುತ್ತದೆ, ಕೆಲವೇ ದಿನಗಳಲ್ಲಿ ತೊಡೆಸಂದಿನಲ್ಲೋ ಕಂಕುಳಲ್ಲೋ ಗೆಡ್ಡೆ ಏಳುತ್ತದೆ. ರೋಗ ಶ್ವಾಸಕೋಶಕ್ಕೆ ಇಳಿದರಂತೂ ಕೆಮ್ಮಿನಿಂದಲೇ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಅಂದಿನ ವೇಗಕ್ಕೆ ಇಲಿಗಳಷ್ಟೇ ಕಾರಣವೋ, ಮನುಷ್ಯರ ಮೈಮೇಲಿನ ಹೇನು, ಚಿಗಟಗಳ ಪಾಲೂ ಇತ್ತೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ.

ಇದೆಲ್ಲ ತಿಳಿದದ್ದು ಐದೂವರೆ ಶತಮಾನಗಳ ನಂತರ. ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ರೋಗಾಣುವನ್ನು ಗುರುತಿಸಿದ. ಪಾಲ್ ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ಚಿಗಟದ ಪಾತ್ರವನ್ನು ತೋರಿಸಿದ. ಅದೇ 1898ರಲ್ಲಿ ಅದೇ ರೋಗಾಣು ಬೆಂಗಳೂರಿಗೂ ಬಂದಿತು. ಇಲಿ ಬಿದ್ದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ನಮ್ಮ ಹಿರಿಯರ ನೆನಪು ಹಲವು ಮನೆಗಳಲ್ಲಿ ಇನ್ನೂ ಉಳಿದಿದೆ, ಪ್ಲೇಗಮ್ಮನ ಗುಡಿಗಳೂ ಉಳಿದಿವೆ. ಮಲ್ಲೇಶ್ವರ, ಬಸವನಗುಡಿಗಳಂಥ ಅಗಲ ರಸ್ತೆಯ ಬಡಾವಣೆಗಳನ್ನು ಪ್ಲೇಗು ನಮಗೆ ಕೊಟ್ಟಿತೆಂದು ನಮ್ಮಲ್ಲಿಯೂ ಹೇಳುವವರಿದ್ದಾರೆ. ಬಡಾವಣೆ ಕಟ್ಟಿದ್ದು ಯೋಜನೆ ಹಾಕಿದವರು ಮತ್ತು ಕಲ್ಲು ಹೊತ್ತವರು.

ಅಂದಿನ ಸಾವಿನ ಪ್ರಮಾಣವನ್ನು ಅಂಕಿಗಳಲ್ಲಿ ಹೇಳುವುದಾದರೆ, ಯೂರೋಪಿನ ಮೂರನೆಯ ಒಂದು ಪಾಲಿನಿಂದ ಅರ್ಧದಷ್ಟು ಜನ ಕೆಲವೇ ವರ್ಷಗಳಲ್ಲಿ ಇಲ್ಲವಾದರು. ಇಟಲಿಯ ಸಿಯೆನಾದ ಚರಿತ್ರಕಾರ ಅನ್ಯೋಲೋ ದಿ ತೂರಾ ತನ್ನ ಐವರು ಮಕ್ಕಳನ್ನು ತನ್ನ ಕೈಯಿಂದಲೇ ಮಣ್ಣು ಮಾಡಿದೆನೆಂದು ಬರೆದಿಟ್ಟಿದ್ದಾನೆ. ಟ್ಯೂನಿಸಿನಲ್ಲಿ ಹದಿಹರೆಯದ ಇಬ್ನ್ ಖಲ್ದೂನ್ ತಂದೆತಾಯಿಯನ್ನೂ ಅನೇಕ ಗುರುಗಳನ್ನೂ ಕಳೆದುಕೊಂಡ. ಮುಂದೆ ಸಮಾಜಗಳ ಏಳುಬೀಳುಗಳನ್ನು ಕುರಿತು ಅವನು ಬರೆದ ಮಹಾಗ್ರಂಥದಲ್ಲಿ ಆ ಪಿಡುಗು ಲೋಕವನ್ನೇ ಬದಲಿಸಿತೆಂಬ ಮಾತಿದೆ. ಒಮ್ಮೆ ಬಂದು ಹೋಗುವ ರೋಗವೂ ಇದಾಗಿರಲಿಲ್ಲ. 1361ರಲ್ಲಿ ಮರಳಿ ಬಂದಾಗ ಹೆಚ್ಚಾಗಿ ಮಕ್ಕಳನ್ನೇ ಕೊಂಡೊಯ್ಯಿತೆಂದು ಸಮಕಾಲೀನರು ದಾಖಲಿಸಿದ್ದಾರೆ.

ಇಂಥ ಹೊತ್ತಿನಲ್ಲಿ ಮನುಷ್ಯರು ಏನು ಮಾಡಿದರು ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ. ಪ್ಯಾರಿಸ್ ವಿಶ್ವವಿದ್ಯಾಲಯದ ವೈದ್ಯಪಂಡಿತರು 1348ರ ಅಕ್ಟೋಬರಿನಲ್ಲಿ ರಾಜನಿಗೆ ಒಪ್ಪಿಸಿದ ವರದಿಯಲ್ಲಿ, 1345ರ ಮಾರ್ಚಿನಲ್ಲಿ ಶನಿ, ಗುರು, ಕುಜ ಗ್ರಹಗಳು ಕುಂಭರಾಶಿಯಲ್ಲಿ ಕೂಡಿದ್ದೇ ಗಾಳಿ ಕೆಡಲು ಮೂಲವೆಂದರು. ಅದು ಅವರ ಕಾಲದ ತಿಳಿವಳಿಕೆ. ಅದರಿಂದ ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಯೆಹೂದಿಗಳು ಬಾವಿಗೆ ವಿಷ ಹಾಕಿದರೆಂಬ ಸುಳ್ಳು ಹೋದಲ್ಲೆಲ್ಲ ಪ್ರಾಣ ತೆಗೆಯಿತು. ಸವಾಯ್ ಸೀಮೆಯಲ್ಲಿ ಚಿತ್ರಹಿಂಸೆ ಕೊಟ್ಟು ಪಡೆದ ತಪ್ಪೊಪ್ಪಿಗೆಗಳ ಪ್ರತಿಗಳು ಊರಿಂದೂರಿಗೆ ಹೋದವು. ಯೆಹೂದಿಗಳೂ ಇದೇ ರೋಗದಿಂದ ಸಾಯುತ್ತಿದ್ದಾರೆ, ಅವರಿಲ್ಲದ ಊರುಗಳಲ್ಲಿಯೂ ರೋಗವಿದೆ ಎಂದು ಪೋಪ್ ಆರನೆಯ ಕ್ಲೆಮೆಂಟ್ 1348ರಲ್ಲಿಯೇ ಆಜ್ಞಾಪತ್ರದಲ್ಲಿ ತಿಳಿಸಿದ್ದ. ಕೇಳುವವರಿರಲಿಲ್ಲ. ಸ್ಟ್ರಾಸ್‌ಬುರ್ಗಿನ ನಗರಸಭೆ ಯೆಹೂದಿಗಳನ್ನು ರಕ್ಷಿಸಲು ನಿಂತಾಗ, ಕಸುಬುದಾರರ ಸಂಘಗಳು ಆ ಸಭೆಯನ್ನೇ ಕೆಳಗಿಳಿಸಿದವು. 1349ರ ಫೆಬ್ರವರಿ 14ರಂದು ನೂರಾರು ಯೆಹೂದಿಗಳನ್ನು ಸುಡಲಾಯಿತು. ಪ್ಲೇಗು ಆ ಊರಿಗೆ ಇನ್ನೂ ಕಾಲಿಟ್ಟೇ ಇರಲಿಲ್ಲ. ಸತ್ತವರಿಗೆ ಊರವರು ಕೊಡಬೇಕಿದ್ದ ಸಾಲವೆಲ್ಲ ರದ್ದಾಯಿತು, ಅವರ ಮನೆಯ ಹಣವನ್ನು ಹಂಚಿಕೊಂಡರು. ಅವರನ್ನು ಕೊಂದ ವಿಷ ಹಣವೇ ಎಂದು ಆ ಊರಿನ ಚರಿತ್ರಕಾರನೇ ಬರೆದ. ಇದೂ ಪ್ಲೇಗು ತಂದ ಸಾಮಾಜಿಕ ಬದಲಾವಣೆಯೇ. ಲಾಭದ ಪಟ್ಟಿ ಹೇಳುವವರು ಇದನ್ನು ಯಾವ ಕಡೆ ಬರೆದುಕೊಳ್ಳುತ್ತಾರೆ?

ಈಗ ಕೂಲಿಯ ವಿಷಯಕ್ಕೆ ಬರುತ್ತೇನೆ. ಪ್ಲೇಗಿಗೆ ಮೊದಲು ಇಂಗ್ಲೆಂಡಿನಲ್ಲಿ ಜನ ಹೆಚ್ಚು, ನೆಲ ಕಡಿಮೆ. 1315ರಿಂದ 1317ರ ಘೋರ ಬರದಲ್ಲಿ ಅದರ ಫಲವನ್ನು ಎಲ್ಲರೂ ಉಂಡಿದ್ದರು. ಒಕ್ಕಲುಗಳಲ್ಲಿ ಬಹುಪಾಲು ಧಣಿಯ ಭೂಮಿಗೆ ಕಟ್ಟುಬಿದ್ದವರು. ವಾರದಲ್ಲಿ ಇಂತಿಷ್ಟು ದಿನ ಧಣಿಯ ಹೊಲದಲ್ಲಿ ಬಿಟ್ಟಿ ದುಡಿಯಬೇಕು, ಮಗಳ ಮದುವೆಗೂ ಅವನಿಗೆ ಹಣ ತೆರಬೇಕು. ಪ್ಲೇಗಿನ ನಂತರ ನೆಲ ಹಾಗೆಯೇ ಉಳಿಯಿತು, ಉಳುವವರು ಅರ್ಧವಾದರು. ಕೂಲಿ ಏರಬೇಕಾದದ್ದು ಸಹಜ. ಆದರೆ ಪಿಡುಗು ಇನ್ನೂ ಹರಡುತ್ತಿದ್ದಾಗಲೇ, 1349ರ ಜೂನ್ 18ರಂದು, ಮೂರನೆಯ ಎಡ್ವರ್ಡ್‌ನ ಸರ್ಕಾರ ಶಾಸನ ಹೊರಡಿಸಿತು: ಅರವತ್ತು ವರ್ಷದೊಳಗಿನ, ಕೈಕಾಲು ಗಟ್ಟಿಯಿರುವ, ಸ್ವಂತ ನೆಲವಾಗಲಿ ಕಸುಬಾಗಲಿ ಇಲ್ಲದ ಗಂಡಸು, ಹೆಂಗಸು ಯಾರೇ ಆಗಲಿ ಕರೆದವರ ಕೆಲಸಕ್ಕೆ ಹೋಗಲೇಬೇಕು, ಅದೂ ಪ್ಲೇಗಿಗೆ ಮುಂಚಿನ ಕೂಲಿಗೆ; ಒಲ್ಲೆನೆಂದರೆ ಸೆರೆಮನೆ. ದುಡಿಯಬಲ್ಲ ಭಿಕ್ಷುಕನಿಗೆ ತುತ್ತು ಅನ್ನ ಹಾಕಿದವನೂ ತಪ್ಪಿತಸ್ಥ. 1351ರಲ್ಲಿ ಪಾರ್ಲಿಮೆಂಟು ಇದನ್ನು ಬಿಗಿಗೊಳಿಸಿ ಹುಲ್ಲು ಒಟ್ಟುವವರಿಗೆ ದಿನಕ್ಕೆ 1 ಪೆನ್ನಿ, ಮೇಸ್ತ್ರಿ ಬಡಗಿಗೆ 3 ಪೆನ್ನಿ ಎಂದು ದರ ಗೊತ್ತುಮಾಡಿತು. ಹಠ ಹಿಡಿದವರ ಕಾಲಿಗೆ ತೊಡಿಸಲು ಊರೂರಲ್ಲಿ ಕೊರಡುಗಳನ್ನು ಮಾಡಿಸಲು ಹೇಳಿತು. 1361ರಲ್ಲಿ ಕೆಲಸ ಬಿಟ್ಟು ಓಡಿದವರ ಹಣೆಗೆ ಕಾಸಿದ ಕಬ್ಬಿಣದಿಂದ ಬರೆ ಹಾಕಲೂ ಕಾನೂನು ಬಂತು. ಎರಡು ವರ್ಷ ಕಳೆದು, ಯಾವ ವರ್ಗದವರು ಯಾವ ಬಟ್ಟೆ ಉಡಬೇಕು, ಆಳುಕಾಳುಗಳು ದಿನಕ್ಕೆ ಎಷ್ಟು ಸಲ ಮಾಂಸ ತಿನ್ನಬಹುದು ಎಂಬುದಕ್ಕೂ ಶಾಸನವಾಯಿತು.

ಇವನ್ನು ಮುರಿದದ್ದು ರೋಗವಲ್ಲ, ಜನ. ಕೂಲಿಯವರು ರಾಜಾಜ್ಞೆಗೆ ಸೊಪ್ಪು ಹಾಕಲಿಲ್ಲವೆಂದು ಲೆಸ್ಟರಿನ ಅಂದಿನ ಚರಿತ್ರಕಾರ ಹೆನ್ರಿ ನೈಟನ್ ಸಿಟ್ಟಿನಿಂದಲೇ ಬರೆದಿದ್ದಾನೆ. ಅವರು ಕೇಳಿದ್ದನ್ನು ಕೊಡದಿದ್ದರೆ ಪೈರು ಹೊಲದಲ್ಲೇ ಹಾಳಾಗುತ್ತಿತ್ತು. ದಂಡ ಕಟ್ಟಿಯೂ ಅವರು ಹೆಚ್ಚಿನ ಕೂಲಿ ಕೇಳಿದರು, ವರ್ಷದ ಕರಾರಿಗೆ ಒಪ್ಪದೆ ದಿನಗೂಲಿಗೆ ಮಾತ್ರ ಬಂದರು, ರಾತ್ರೋರಾತ್ರಿ ಊರು ಬಿಟ್ಟು ಪಕ್ಕದ ಸೀಮೆಯಲ್ಲಿ ನೆಲೆಸಿದರು. ಕಾನೂನು ಮಾಡಿದ ಧಣಿಗಳೇ ಆಳು ಸಿಗದೆ ಕಾಳಿನ ರೂಪದಲ್ಲಿ, ಊಟದ ರೂಪದಲ್ಲಿ ಗುಟ್ಟಾಗಿ ಹೆಚ್ಚು ಕೊಟ್ಟರು. ಇಷ್ಟಾದರೂ ಮೊದಲ ಎರಡು ದಶಕಗಳಲ್ಲಿ ಸರಕಿನ ಬೆಲೆಯೂ ಏರಿದ್ದರಿಂದ, ಕೂಲಿಯವನ ಕೈಯಲ್ಲಿ ನಿಜವಾಗಿ ಹೆಚ್ಚು ಉಳಿಯತೊಡಗಿದ್ದು ಬಹುಮಟ್ಟಿಗೆ 1370ರ ದಶಕದ ನಂತರ. ಮೊದಲ ಪಿಡುಗು ಕಂಡವರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಸಾವೇ ಬಿಡುಗಡೆ ತರುವುದಾಗಿದ್ದರೆ ಎಲ್ಲ ಕಡೆಯೂ ತರಬೇಕಿತ್ತು. ಈಜಿಪ್ಟಿನಲ್ಲಿಯೂ ಹಳ್ಳಿಗಳು ಬರಿದಾದವು. ಅಲ್ಲಿ ಆಳುತ್ತಿದ್ದ ಮಮ್ಲೂಕ್ ಸೇನಾನಾಯಕರು ದೂರದ ಕೈರೋದಲ್ಲಿ ಕುಳಿತು ಕಂದಾಯ ಎಣಿಸುತ್ತಿದ್ದರು. ನೈಲ್ ನದಿಯ ಕಾಲುವೆಗಳ ಹೂಳೆತ್ತುವ ಕೈಗಳು ಸಾಲದಾಗಿ ನೀರಾವರಿ ಕೆಟ್ಟಿತು, ಉಳಿದ ರೈತರ ಮೇಲೆ ಹೊರೆ ಹೆಚ್ಚಿತು. ಪೋಲೆಂಡ್, ಪ್ರಶ್ಯಾದಂಥ ಪೂರ್ವ ಯೂರೋಪಿನ ಸೀಮೆಗಳಲ್ಲಿ ಮುಂದಿನ ಎರಡು ಶತಮಾನಗಳಲ್ಲಿ ಜೀತ ಸಡಿಲಗೊಳ್ಳುವ ಬದಲು ಬಿಗಿಯಾಯಿತು. ಆಳುಗಳ ಕೊರತೆ ಧಣಿಗೆ ಬಲವಿದ್ದ ಕಡೆ ಸರಪಳಿಯಾಗಬಲ್ಲದು, ಒಕ್ಕಲಿಗೆ ಬಲವಿದ್ದ ಕಡೆ ಮಾತ್ರ ಚೌಕಾಸಿಯ ಅಸ್ತ್ರವಾಗಬಲ್ಲದು.

ಇಂಗ್ಲೆಂಡಿನಲ್ಲಿ ಆ ಬಲ ಬಹಿರಂಗವಾಗಿ ಕಾಣಿಸಿಕೊಂಡದ್ದು 1381ರ ದಂಗೆಯಲ್ಲಿ. ಹದಿನೈದು ವರ್ಷ ದಾಟಿದ ಪ್ರತಿಯೊಬ್ಬರ ತಲೆಗೂ 12 ಪೆನ್ನಿಯಂತೆ ಹೇರಿದ ಕಂದಾಯ ಕಿಡಿ ಹೊತ್ತಿಸಿತಾದರೂ, ಎಸೆಕ್ಸ್, ಕೆಂಟ್ ಸೀಮೆಗಳ ಜನ ಕೇಳಿದ್ದು ಜೀತದ ಅಂತ್ಯವನ್ನು, ಎಕರೆಗೆ 4 ಪೆನ್ನಿಯ ಗೇಣಿಯನ್ನು. ಆದಾಮ ಅಗೆಯುತ್ತಿದ್ದಾಗ, ಈವ್ ನೂಲುತ್ತಿದ್ದಾಗ ಧಣಿಯೆಂಬವನು ಯಾರಿದ್ದ ಎಂದು ಪಾದ್ರಿ ಜಾನ್ ಬಾಲ್ ಅವರನ್ನು ಕೇಳಿದನೆಂದು ದಾಖಲೆಯಿದೆ. ತಾವು ಯಾರ ಜೀತದವರೆಂದು ಬರೆದಿದ್ದ ಧಣಿಗಳ ಕಡತಗಳನ್ನು ಹುಡುಕಿ ಹುಡುಕಿ ಸುಟ್ಟರು. ಹದಿನಾಲ್ಕು ವರ್ಷದ ಎರಡನೆಯ ರಿಚರ್ಡ್ ಜೂನ್ 14ರಂದು ಬಿಡುಗಡೆಯ ಪತ್ರಗಳನ್ನು ಬರೆಸಿಕೊಟ್ಟ. ಮರುದಿನ ದಂಗೆಯೆದ್ದವರ ನಾಯಕ ವಾಟ್ ಟೈಲರ್ ಕೊಲೆಯಾದ. ಜುಲೈ ಮೊದಲ ವಾರದಲ್ಲೇ ಆ ಪತ್ರಗಳು ರದ್ದಾದವು.

ದಂಗೆ ಸೋತಿತು, ಊರು ಬಿಟ್ಟು ಹೋಗುವುದು ನಿಲ್ಲಲಿಲ್ಲ. ಖಾಲಿ ನೆಲ ಇಟ್ಟುಕೊಂಡಿದ್ದ ಇನ್ನೊಬ್ಬ ಧಣಿ ಬಂದವನ ಹಿನ್ನೆಲೆ ಕೇಳದೆ ಗೇಣಿಗೆ ಕೊಡುತ್ತಿದ್ದ. ಜೀತವನ್ನು ರದ್ದುಪಡಿಸುವ ಒಂದು ಶಾಸನವೂ ಬರದೆಯೇ, ಒಬ್ಬೊಬ್ಬರೇ ಎದ್ದು ಹೋಗಿ, ಚೌಕಾಸಿ ಮಾಡಿ, ಹದಿನೈದನೆಯ ಶತಮಾನದ ಕೊನೆಗೆ ಅದನ್ನು ಬಹುತೇಕ ಬರಿದು ಮಾಡಿದರು. ಪ್ಲೇಗು ಇಂಗ್ಲೆಂಡಿನ ದಡ ಮುಟ್ಟಿ 226 ವರ್ಷ ಕಳೆದ ಮೇಲೆ, 1574ರಲ್ಲಿ, ರಾಣಿ ಒಂದನೆಯ ಎಲಿಜಬೆತ್ ಅರಮನೆಯ ಜಮೀನುಗಳಲ್ಲಿ ಇನ್ನೂ ಉಳಿದಿದ್ದ ಜೀತದವರನ್ನು ಬಿಡಿಸಲು ಅಧಿಕಾರಿಗಳನ್ನು ನೇಮಿಸಿದಳು. ಆಗಲೂ ಅವರು ತಮ್ಮ ಬಿಡುಗಡೆಗೆ ಹಣ ತೆರಬೇಕಾಗಿತ್ತು.