ಕ್ಯೂನಲ್ಲಿ ನಿಂತರೆ ಎಷ್ಟು ಕ್ಯಾಲೊರಿ?

ಆ ಪಟ್ಟಿ ನಿಮಗೂ ಬಂದೇ ಬಂದಿರುತ್ತೆ. ನೆಲ ಒರೆಸಿದರೆ ಇಷ್ಟು ಕ್ಯಾಲೊರಿ, ಪಾತ್ರೆ ತೊಳೆದರೆ ಇಷ್ಟು, ಮಹಡಿ ಹತ್ತಿದರೆ ಇಷ್ಟು. ಕೆಳಗೆ ಕೈಮುಗಿದ ಚಿತ್ರ, ಹತ್ತು ಜನಕ್ಕೆ ಕಳಿಸಿ ಅನ್ನೋ ಅಪ್ಪಣೆ. ನಮ್ಮ ಫ್ಯಾಮಿಲಿ ಗ್ರೂಪಿಗೆ ಇದನ್ನು ಹಾಕಿದ ಭಾವ, ತಾವು ಕುಡಿದ ಕಾಫಿ ಲೋಟವನ್ನು ಇವತ್ತಿನವರೆಗೂ ಸಿಂಕಿಗೆ ಹಾಕಿದವರಲ್ಲ.

ಲೆಕ್ಕದ ಮೂಲ ಮಾತ್ರ ಗಂಭೀರವಾದದ್ದೇ. 1993ರಲ್ಲಿ ಅಮೆರಿಕದ ಸಂಶೋಧಕರು ಮನುಷ್ಯ ಮಾಡುವ ಕೆಲಸಕ್ಕೆಲ್ಲ ಒಂದೊಂದು ಅಂಕ ಕೊಟ್ಟರು. ಅದಕ್ಕೆ ಮೆಟ್ ಅಂತಾರೆ. ಸುಮ್ನೆ ಕೂತರೆ 1, ಬಿರುಸಾಗಿ ನಡೆದರೆ 4ರ ಆಸುಪಾಸು. ಆ ಅಂಕವನ್ನು ನಿಮ್ಮ ತೂಕಕ್ಕೂ ಗಂಟೆಗೂ ಗುಣಿಸಿದರೆ ಹೆಚ್ಚುಕಡಿಮೆ ಕ್ಯಾಲೊರಿ ಸಿಗುತ್ತೆ. 70 ಕೆಜಿ ಇರುವವರು ಅರ್ಧ ಗಂಟೆ ಬಿರುಸಾಗಿ ನಡೆದರೆ 140ರ ಆಸುಪಾಸು. ಅದರಲ್ಲಿ 35 ಸೋಫಾದಲ್ಲಿ ಕೂತಿದ್ದರೂ ಖರ್ಚಾಗುತ್ತಿತ್ತು. ಉಸಿರಾಡಿದ್ದಕ್ಕೂ ಶಹಬ್ಬಾಸ್‌ಗಿರಿ!

ನನಗೆ ಜಾಸ್ತಿ ಹಿಡಿಸಿದ್ದು 2011ರ ಪರಿಷ್ಕೃತ ಪಟ್ಟಿ. ಅದರಲ್ಲಿ ಕೂತು ಟಿವಿ ನೋಡುವುದಕ್ಕೆ 1.3, ಕ್ಯೂನಲ್ಲಿ ನಿಲ್ಲುವುದಕ್ಕೂ 1.3. ಪುಣ್ಯಾತ್ಮರು ನಮ್ಮ ಖಾತಾ ಕೌಂಟರ್ ನೋಡಿಲ್ಲ. ಒಂದು ಕೈಯಲ್ಲಿ ಆಧಾರ್ ಜೆರಾಕ್ಸ್, ಇನ್ನೊಂದರಲ್ಲಿ ತೆರಿಗೆ ರಸೀದಿ, ಮಧ್ಯೆ ನುಗ್ಗುವವನನ್ನು ತಡೆಯೋಕೆ ಮೊಣಕೈ. ಕ್ರಯಪತ್ರದ ಪ್ರತಿ ಇಲ್ವಾ? ಬೀದಿ ದಾಟಿ ಜೆರಾಕ್ಸ್ ಅಂಗಡಿಗೆ ಓಟ. ವಾಪಸ್ ಬಂದರೆ ‘ಇಲ್ಲಲ್ಲ, ಮೇಲಿನ ಮಹಡಿ’. ಮೇಲೆ ಹೋದರೆ ‘ಸಾಹೇಬ್ರು ಊಟಕ್ಕೆ ಹೋಗಿದ್ದಾರೆ, ಕೆಳಗೇ ಇರಿ’. ಊಟ ಮುಗಿಯುವ ಹೊತ್ತಿಗೆ ಸರ್ವರ್ ಡೌನ್, ನಾಳೆ ಬನ್ನಿ. ನಾಗರಿಕರ ಹೃದಯದ ಆರೋಗ್ಯಕ್ಕೆ ಇಷ್ಟೊಂದು ಕಾಳಜಿ ಮಾಡುವ ವ್ಯವಸ್ಥೆ ಬೇರೆಲ್ಲಿದೆ ಹೇಳಿ. ಫೀಸ್ ಬೇರೆ ಇಲ್ಲ. ಅಂದ್ರೆ, ರಸೀದಿ ಕೊಡುವಂಥ ಫೀಸ್ ಇಲ್ಲ.

ಕೈಗೆ ಕಟ್ಟಿಕೊಳ್ಳುವ ವಾಚಿನ ಕತೆ ಇನ್ನೂ ಚೆಂದ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಂಥ ಏಳು ಸಾಧನಗಳನ್ನು ಪರೀಕ್ಷೆ ಮಾಡಿದರು. ಹೃದಯಬಡಿತವನ್ನು ಹೆಚ್ಚಿನವು ಸರಿಯಾಗೇ ಹೇಳಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಜಾಣ ವಾಚೇ ಸರಾಸರಿ ಶೇ. 27ರಷ್ಟು ತಪ್ಪು, ದಡ್ಡ ವಾಚು ಶೇ. 93. ತರಕಾರಿಯವನು ಕಾಲು ಕೆಜಿಗೆ ಐವತ್ತು ಗ್ರಾಂ ಕಮ್ಮಿ ತೂಗಿದರೆ ಬೀದಿಗೆಲ್ಲ ಕೇಳುವ ಹಾಗೆ ಜಗಳ ಆಡ್ತೀವಿ. ವಾಚಿಗೆ ಸಾವಿರಗಟ್ಟಲೆ ಸುರಿದು ಥ್ಯಾಂಕ್ಸ್ ಹೇಳ್ತೀವಿ.

ಮಂಡ್ಯದ ನಮ್ಮ ದೊಡ್ಡಮ್ಮನಿಗೂ ಮಗ ಒಂದು ಕಟ್ಟಿದ್ದ. ಅವರು ಕೆಳಗೆ ಕೂತು, ಪಾತ್ರೆ ಅಲುಗದಂತೆ ಕವೆಗೋಲಿಗೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಮುದ್ದೆ ತೊಳಸುತ್ತಿದ್ದರು. ಹಿಟ್ಟು ಗಂಟಾಗಬಾರದು, ಹಬೆ ಮುಖಕ್ಕೆ ಹೊಡೀತಿದೆ, ರಟ್ಟೆ ನರ ಎದ್ದು ಕಾಣ್ತಿದೆ. ವಾಚು ಮಾತ್ರ ಹೆಜ್ಜೆ ಎಣಿಸ್ತಾ ಇದೆ. ‘ನಾನೆಲ್ಲಿಗೆ ಹೋದ್ನೋ?’ ಅಂದರು ದೊಡ್ಡಮ್ಮ.

ಇಷ್ಟರವರೆಗೆ ನಗಬಹುದು. ಆದರೆ ಆ ಪಟ್ಟಿ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಬಂತು. ಮನೆಕೆಲಸದವರು ತಿಂಗಳಿಗೆ ಐನೂರು ಜಾಸ್ತಿ ಕೇಳಿದ್ದರ ಚರ್ಚೆ ನಡೀತಿತ್ತು. ಒಬ್ಬರು ಬರೆದರು: ‘ನಾವು ಜಿಮ್ಮಿಗೆ ದುಡ್ಡು ಕೊಡ್ತೀವಿ, ಅವರಿಗೆ ಜಿಮ್ಮೂ ಫ್ರೀ, ಮೇಲೆ ಸಂಬಳ.’ ಅದಕ್ಕೆ ಸಾಲುಸಾಲು ನಗುಮುಖ.

ಈ ದೇಶ ಬಡತನದ ರೇಖೆಯನ್ನು ಎಳೆದದ್ದೇ ಕ್ಯಾಲೊರಿಯಲ್ಲಿ. 1979ರಲ್ಲಿ ಹಳ್ಳಿಯವರಿಗೆ ದಿನಕ್ಕೆ 2400, ಪಟ್ಟಣದವರಿಗೆ 2100 ಅಂತ ಸರಾಸರಿ ನಿಗದಿಯಾಯ್ತು. 2011ರಲ್ಲಿ ಯೋಜನಾ ಆಯೋಗ, ಪಟ್ಟಣದಲ್ಲಿ ದಿನಕ್ಕೆ 32 ರೂಪಾಯಿ ಖರ್ಚು ಮಾಡಿದರೆ ಬಡವರಲ್ಲ ಅಂತ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿತು. ಭಾರೀ ದುಡಿಮೆಯ ಹೆಂಗಸಿಗೆ ದಿನಕ್ಕೆ 2720 ಕ್ಯಾಲೊರಿ ಬೇಕು ಅಂತ 2020ರಲ್ಲಿ ಹೇಳಿದ್ದು ಸರ್ಕಾರದ್ದೇ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್. ಬೆಳಿಗ್ಗೆ ಒಂದು ಟೀ ಬನ್ನಿನ ಮೇಲೆ ನಾಲ್ಕು ಮನೆ ನೆಲ ಒರೆಸುವವರ ಹೊಟ್ಟೆಗೆ ಅಷ್ಟು ಎಲ್ಲಿಂದ ಬರುತ್ತೆ? ನಮಗೆ ಸುಡುವುದು ಕಷ್ಟ, ಅವರಿಗೆ ಸಿಗುವುದೇ ಕಷ್ಟ. ಇದು ಗೊತ್ತಿಲ್ಲದವರು ಯಾರೂ ಆ ಗ್ರೂಪಿನಲ್ಲಿಲ್ಲ. ಎಲ್ಲರೂ ಓದಿದವರೇ.

ಸಾಕಾಗಿದೆ ಕಣ್ರೀ. ಐನೂರು ಕೊಟ್ಟುಬಿಡಿ. ಹಾಗೇ ‘ಮನೆಕೆಲಸದವರು ಈ ಲಿಫ್ಟ್ ಬಳಸಬಾರದು’ ಅಂತ ಹಾಕಿದ್ದೀರಲ್ಲ, ಆ ಬೋರ್ಡನ್ನೂ ಕಿತ್ತುಹಾಕಿ. ಮೆಟ್ಟಿಲು ಹತ್ತಿದರೆ ಅಷ್ಟೊಂದು ಲಾಭ ಇದ್ದರೆ ನೀವೇ ಹತ್ತಿ.